ಹಿಂದಿನವರ ಹಾರ್ನ್‌ಗೆ ಹೆದರಿ ಗಾಡಿ ಓಡಿಸಬೇಡಿ

ಓದುಗರ ಪ್ರಶ್ನೆಗಳಿಗೆ ಧಾರವಾಡದಲ್ಲಿ ಬಹಳ ವರ್ಷಗಳಿಂದ ಡ್ರೈವಿಂಗ್ ಕಲಿಸುತ್ತಿರುವ ತರಬೇತುದಾರರ ಉತ್ತರ

ಪ್ರಶ್ನೆ: ದಿನಾ ವಿದ್ಯಾನಗರದ ಕಡೆಯಿಂದ ಮಗಳನ್ನು ಸ್ಕೂಟಿಯಲ್ಲಿ ಶಾಲೆಗೆ ಬಿಡುತ್ತೇನೆ. ಗಾಡಿ ಓಡಿಸೋದು ನನಗೇನೂ ಹೊಸದಲ್ಲ. ಆದರೆ ಈಚೆಗೆ ಜನ ತುಂಬಾ ಒರಟಾಗಿದ್ದಾರೆ. ಸಿಗ್ನಲ್ ಕೆಂಪಿದ್ದಾಗಲೇ ಹಿಂದಿನಿಂದ ಹಾರ್ನ್ ಹೊಡೆಯುತ್ತಾರೆ. ಎಡಗಡೆಯಿಂದ ನುಗ್ಗಿ ಕಟ್ ಹೊಡೆಯುತ್ತಾರೆ. ಮೊನ್ನೆ ರಾಂಗ್ ಸೈಡ್‌ನಲ್ಲಿ ಬಂದ ಹುಡುಗನೊಬ್ಬ ಮಗಳ ಎದುರೇ "ಮನ್ಯಾಗ ಹೇಳಿ ಬಂದೀಯೇನ?" ಅಂತ ನನಗೇ ಬೈದು ಹೋದ. ಈಗ ಗಾಡಿ ತೆಗೆಯಲು ಹೆದರಿಕೆ ಆಗುತ್ತದೆ. ನಾನೇ ತೀರಾ ನಿಧಾನವಾ?

ಉತ್ತರ: ಇಲ್ಲ ತಂಗಿ. ಮಗುವನ್ನು ಕೂರಿಸಿಕೊಂಡು ಸ್ಟಾಪ್ ಲೈನ್ ಹಿಂದೆ ನಿಲ್ಲುವ ನೀವು ಸರಿಯಾಗಿಯೇ ಓಡಿಸುತ್ತಿದ್ದೀರಿ. ನಿಮ್ಮ ಪತ್ರ ಓದಿ ಬೇಜಾರಾಯಿತು. ಇದೇ ಮಾತನ್ನು ನನ್ನ ಹತ್ತಿರ ಕಲಿತು ಹೋದ ಎಷ್ಟೋ ಹೆಣ್ಣುಮಕ್ಕಳು ಬಂದು ಹೇಳುತ್ತಾರೆ.

ನಮ್ಮ ಹುಬ್ಬಳ್ಳಿ-ಧಾರವಾಡ ರಸ್ತೆಯದೇ ಒಂದು ತೊಡಕಿದೆ. ನಡುವೆ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿಗಷ್ಟೇ ಬಿಟ್ಟ ದಾರಿ. ಎದುರಿನ ಅಂಗಡಿಗೆ ಹೋಗಬೇಕಾದರೂ ಮುಂದೆ ಹೋಗಿ ತಿರುಗಿ ಬರಬೇಕು. "ಎರಡೇ ನಿಮಿಷ, ಏನಾಗ್ತದ" ಅಂತ ಒಬ್ಬ ರಾಂಗ್ ಸೈಡ್‌ನಲ್ಲಿ ಬರುತ್ತಾನೆ. ಅವನನ್ನು ನೋಡಿ ಇನ್ನೊಬ್ಬ, ಆಮೇಲೆ ಟಂಟಂ. ಸರಿಯಾಗಿ ಬರುತ್ತಿದ್ದವರು ಬ್ರೇಕ್ ಒತ್ತುತ್ತಾರೆ. ಅವರ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಒಬ್ಬನ ಎರಡು ನಿಮಿಷ ಉಳಿಸಲು ಹತ್ತು ಜನರ ತಲೆ ಕೆಡುತ್ತದೆ. ನಿಮಗೆ ಬೈದ ಹುಡುಗ ಮಾಡಿದ್ದು ಬರೀ ಒರಟುತನ ಅಲ್ಲ, ಅಪರಾಧ. 2019ರ ತಿದ್ದುಪಡಿ ಆದಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ನಲ್ಲಿ ರಾಂಗ್ ಸೈಡ್, ಸಿಗ್ನಲ್ ಜಂಪ್, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು ಎಲ್ಲವೂ ಅಪಾಯಕಾರಿ ಚಾಲನೆಯ ಲೆಕ್ಕಕ್ಕೇ ಬರುತ್ತವೆ. ಮೊದಲ ಸಲ ಸಿಕ್ಕರೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷ ಜೈಲು, ಅಥವಾ ಎರಡೂ.

ಇನ್ನೊಂದು ಕಾರಣ ನಮ್ಮ ಕಲಿಕೆಯದು. ಬಹಳಷ್ಟು ಹುಡುಗರು ಲೇಔಟಿನ ಖಾಲಿ ರಸ್ತೆಯಲ್ಲಿ ಗೆಳೆಯನ ಗಾಡಿ ಮೇಲೆ ಕಲಿಯುತ್ತಾರೆ. ಎಕ್ಸಲೇಟರ್ ಮತ್ತು ಬ್ರೇಕ್ ಗೊತ್ತಾದರೆ ಕಲಿತಂತೆಯೇ. ಕನ್ನಡಿ ನೋಡೋದನ್ನು ಯಾರೂ ಹೇಳಿಕೊಟ್ಟಿರೋದಿಲ್ಲ. ಕೆಲವರು ಕನ್ನಡಿ ಬಿಚ್ಚಿಯೇ ಇಟ್ಟಿರುತ್ತಾರೆ. ಹಿಂದೆ, ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದಾನೆ ಅನ್ನೋದು ಅವರ ಕಣ್ಣಿಗೆ ಬೀಳೋದೇ ಇಲ್ಲ.

ಒಂದು ದಿನ ನಾನು ಚಿಗರಿ ಇಳಿದು ರಸ್ತೆ ದಾಟಲು ನಿಂತಿದ್ದೆ. ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಬಸ್ ಹತ್ತುವವರು, ಇಳಿಯುವವರು ಎಲ್ಲರೂ ದಾಟಲೇಬೇಕು. ಪಕ್ಕದಲ್ಲಿ ಕಾಯಿಪಲ್ಯೆ ಚೀಲ ಹಿಡಿದ ಒಬ್ಬ ಅಜ್ಜಿ. ದಾಟುವವರಿಗೆ ಹಸಿರು ಬಂತು, ಕಾರುಗಳು ನಿಂತವು. ಅಜ್ಜಿ ಜೀಬ್ರಾ ಪಟ್ಟಿ ಮೇಲೆ ಎರಡು ಹೆಜ್ಜೆ ಇಟ್ಟಿದ್ದರು ಅಷ್ಟೇ. ಎರಡು ಕಾರುಗಳ ನಡುವಿಂದ ಬೈಕ್ ಒಂದು ಸೊಂಯ್ಯನೆ ಬಂತು. ಅಜ್ಜಿ ಹಿಂದಕ್ಕೆ ಸರಿದರು, ಚೀಲದಿಂದ ಕೊತ್ತಂಬರಿ ಸಿವುಡು ಕೆಳಗೆ ಬಿತ್ತು. ಅವನು ತಿರುಗಿಯೂ ನೋಡಲಿಲ್ಲ. ನಾನು ಆರಿಸಿ ಕೊಡುವಾಗ ಅವರ ಕೈ ನಡುಗುತ್ತಿತ್ತು. ಆ ಕೈ ನನಗೆ ಇನ್ನೂ ನೆನಪಿದೆ.

ಇಷ್ಟು ಅವಸರದಿಂದ ಸಿಗೋದು ಎಷ್ಟು? 5 ಕಿಲೋಮೀಟರ್ ದಾರಿಯನ್ನು 40ರ ವೇಗದಲ್ಲಿ ಹೋದರೆ ಏಳೂವರೆ ನಿಮಿಷ, 50ರಲ್ಲಿ ಹೋದರೆ 6 ನಿಮಿಷ. ಉಳಿಯೋದು ಒಂದೂವರೆ ನಿಮಿಷ. ಅದೂ ಒಂದೇ ಒಂದು ಸಿಗ್ನಲ್ ಸಿಗದಿದ್ದರೆ ಮಾತ್ರ. ನಮ್ಮಲ್ಲಿ ಸಿಗ್ನಲ್ ಸಿಗದ 5 ಕಿಲೋಮೀಟರ್ ಎಲ್ಲಿದೆ?

ಈಗ ನೀವು ಮಾಡಬಹುದಾದ್ದು. ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡ್ ಅಂತರ ಇರಲಿ. ಅದು ಒಂದು ಲೈಟ್ ಕಂಬ ದಾಟಿದ ಕೂಡಲೇ ನಿಧಾನವಾಗಿ ಎಣಿಸಿ. ಎರಡು ಸೆಕೆಂಡ್ ಆಗುವ ಮೊದಲೇ ನೀವು ಆ ಕಂಬ ಮುಟ್ಟಿದರೆ ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. 40ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಣ್ಣಿಗೆ ಕಂಡದ್ದು ಕೈಗೆ ಬಂದು ಬ್ರೇಕ್ ಹಿಡಿಯುವಷ್ಟರಲ್ಲಿ ಆ 11 ಮೀಟರ್ ಹೋಗೇಬಿಟ್ಟಿರುತ್ತದೆ. ಯಾರಾದರೂ ನಡುವೆ ಕಟ್ ಹೊಡೆದು ಬಂದರೆ ಮತ್ತೆ ಸ್ವಲ್ಪ ಹಿಂದೆ ಉಳಿಯಿರಿ. ಅದು ಸೋಲಲ್ಲ.

ಹೆದರಿ ತೀರಾ ಎಡಕ್ಕೆ ಅಂಟಿಕೊಂಡು ಹೋಗಬೇಡಿ. ನಿಂತ ಕಾರಿನ ಬಾಗಿಲು ತಟ್ಟನೆ ತೆರೆದರೆ ತಪ್ಪಿಸಿಕೊಳ್ಳಲು ಜಾಗ ಇರೋದಿಲ್ಲ. ಹಸಿರು ಬಿದ್ದ ಕೂಡಲೇ ಹೊರಡಬೇಡಿ. ಬಲಕ್ಕೊಮ್ಮೆ, ಎಡಕ್ಕೊಮ್ಮೆ ನೋಡಿ, ಆಮೇಲೆ ಬಿಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಬೈದವರಿಗೆ ತಿರುಗಿ ಬೈಯಬೇಡಿ, ಬೆನ್ನು ಹತ್ತಲೇಬೇಡಿ. ಯಾರಾದರೂ ಹಿಂಬಾಲಿಸಿ ಬಂದರೆ ಜನ ಇರುವ ಅಂಗಡಿ ಮುಂದೆ ನಿಲ್ಲಿಸಿ, ಗಾಡಿ ನಂಬರ್ ನೋಡಿಕೊಂಡು 112ಕ್ಕೆ ಫೋನ್ ಮಾಡಿ. ಮಗಳಿಗೂ ಹೆಲ್ಮೆಟ್ ಇದೆ ಅಲ್ವಾ? ನಾಲ್ಕು ವರ್ಷ ದಾಟಿದ ಎಲ್ಲರಿಗೂ ಅದು ಕಡ್ಡಾಯ.

ಪ್ರಶ್ನೆ: ಮಗನಿಗೆ 16 ವರ್ಷ. ನವನಗರದಿಂದ ಟ್ಯೂಷನ್‌ಗೆ ನನ್ನ ಸ್ಕೂಟರ್ ಒಯ್ಯುತ್ತಾನೆ. ಚೆನ್ನಾಗಿ ಓಡಿಸುತ್ತಾನೆ. ಬೇಡ ಅಂದರೆ ಸಿಟ್ಟು ಮಾಡುತ್ತಾನೆ.

ಉತ್ತರ: ಸಿಟ್ಟು ಮಾಡಲಿ, ಕೀಲಿ ಕೊಡಬೇಡಿ. 16ಕ್ಕೆ ಲೈಸೆನ್ಸ್ ಸಿಗೋದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಈಗಿನ ಪೆಟ್ರೋಲ್ ಸ್ಕೂಟರ್‌ಗಳು 100 ಸಿಸಿ ಮೇಲೆಯೇ ಇರುತ್ತವೆ. ಅವನು ತಪ್ಪು ಮಾಡಿದರೆ 199ಎ ಸೆಕ್ಷನ್ ಪ್ರಕಾರ ಹೊಣೆ ನಿಮ್ಮದು: 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಅವನಿಗೆ 25 ವರ್ಷ ಆಗುವವರೆಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೂಡ ಸಿಗುವುದಿಲ್ಲ. ಈ ಕೊನೆಯದನ್ನು ಅವನಿಗೆ ಬಿಡಿಸಿ ಹೇಳಿ. ಮಕ್ಕಳು ದಂಡಕ್ಕಿಂತ ಇದಕ್ಕೆ ಜಾಸ್ತಿ ಹೆದರುತ್ತಾರೆ. ನವನಗರದಲ್ಲಿ ಚಿಗರಿ ನಿಲ್ಲುತ್ತದೆ, ಪಾಸ್ ಮಾಡಿಸಿಕೊಡಿ.

ಪ್ರಶ್ನೆ: ರಾತ್ರಿ ಅಣ್ಣಿಗೇರಿ ಮೇಲೆ ಗದಗಕ್ಕೆ ಕಾರು ಓಡಿಸುತ್ತೇನೆ. ಎದುರಿನವರು ಹೈಬೀಮ್ ಇಳಿಸುವುದೇ ಇಲ್ಲ. ನಾನೂ ಹೈಬೀಮ್ ಹಾಕಿ ಬುದ್ಧಿ ಕಲಿಸಬೇಕು ಅನಿಸುತ್ತದೆ.

ಉತ್ತರ: ಹಾಕಬೇಡಿ. ಹಾಕಿದರೆ ಇಬ್ಬರಿಗೂ ಕಣ್ಣು ಕಾಣೋದಿಲ್ಲ. ಒಂದು ಸಲ ಡಿಪ್ ಮಾಡಿ ತೋರಿಸಿ. ಕೇಳದಿದ್ದರೆ ವೇಗ ಇಳಿಸಿ, ಎದುರಿನ ಬೆಳಕನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ಹಿಡಿದು ಸಾಗಿ. ಸುಗ್ಗಿ ದಿನಗಳಲ್ಲಂತೂ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಇದೇ ಎಡಗಡೆ ಇರುತ್ತವೆ. ಬೆಳಕು ದಾಟಿ ಹೋದಮೇಲೂ ಕಣ್ಣು ಸುಧಾರಿಸಲು ಕೆಲವು ಸೆಕೆಂಡ್ ಬೇಕು. ಅಲ್ಲಿಯವರೆಗೆ ಎಕ್ಸಲೇಟರ್ ಒತ್ತಬೇಡಿ. ಮನೆ ಬಿಡುವ ಮೊದಲು ಮುಂದಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಳಗೂ ಹೊರಗೂ. ದೂಳು ಹಿಡಿದ ಗಾಜಿನ ಮೇಲೆ ಆ ಬೆಳಕು ಇನ್ನೂ ಜಾಸ್ತಿ ಚೆದುರುತ್ತದೆ.