ಕೆ.ಆರ್. ಮಾರ್ಕೆಟ್‌ನಲ್ಲಿ ಎಷ್ಟು ಫೋಟೋ ತೆಗೆದರೂ ಹೂವಿನ ಬಣ್ಣವಷ್ಟೇ ಬರುತ್ತೆ, ಜನಜೀವನ ಕಾಣಲ್ಲ. ಏನು ಮಾಡಲಿ?

ಮೊದಲು ಮಹಡಿಯಿಂದ ಕೆಳಗಿಳಿಯಿರಿ. ಮೇಲಿನಿಂದ ತೆಗೆದ ಹೂವಿನ ಸಂತೆ ಚೆಂದವೇ, ಆದರೆ ಅಲ್ಲಿಂದ ನೋಡಿದರೆ ಚೆಂಡುಹೂವಿನ ರಾಶಿಯೂ ಒಂದೇ, ಮನುಷ್ಯರ ತಲೆಯೂ ಒಂದೇ. ನೀವು ಹುಡುಕುತ್ತಿರುವುದು ಇರುವುದು ವ್ಯಾಪಾರದಲ್ಲಿ: ಮಾರು ಹಾಕುವ ಕೈ, ತಕ್ಕಡಿಯ ಮೇಲೇ ಕಣ್ಣಿಟ್ಟ ಗಿರಾಕಿ, ಮೂಟೆ ಹೊತ್ತವರಿಗೆ ದಾರಿ ಬಿಡುವವರು, ಬಿಡದವರು. ಇದೆಲ್ಲ ಎರಡು-ಮೂರು ಮೀಟರ್ ಹತ್ತಿರ ಹೋದರಷ್ಟೇ ಸಿಗುತ್ತದೆ.

ಜೂಮ್ ಮನೆಯಲ್ಲಿಡಿ. ಅಗಲ ನೋಟ ಕೊಡುವ 28 ಅಥವಾ 35 ಎಂಎಂ ಲೆನ್ಸ್ ಸಾಕು. ಫೋನ್ ಆದರೂ ಸರಿ, ಪೋರ್ಟ್ರೇಟ್ ಮೋಡ್ ಮಾತ್ರ ಬೇಡ. ಅದು ಹಿನ್ನೆಲೆಯನ್ನು ಮಸುಕು ಮಾಡುತ್ತದೆ, ಇಲ್ಲಿ ಅರ್ಧ ಕಥೆ ಇರುವುದೇ ಹಿನ್ನೆಲೆಯಲ್ಲಿ.

ನೂಕುನುಗ್ಗಲಿನಲ್ಲಿ ಆಟೋಫೋಕಸ್ ಅಡ್ಡ ಬಂದವರ ಭುಜಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ಫೋಕಸ್ ಮ್ಯಾನ್ಯುಯಲ್‌ಗೆ ಹಾಕಿ 2.5 ಮೀಟರ್‌ಗೆ ನಿಲ್ಲಿಸಿ. ಫುಲ್ ಫ್ರೇಮ್ (ಹಳೆಯ ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 28 ಎಂಎಂ, ಎಫ್/8 (ಲೆನ್ಸ್ ಕಿಂಡಿಯ ಅಳತೆ, ಅಂಕಿ ಇಳಿದಷ್ಟು ಕಿಂಡಿ ದೊಡ್ಡದು) ಇದ್ದರೆ ಸುಮಾರು 1.4ರಿಂದ 10 ಮೀಟರ್‌ವರೆಗೆ ಸ್ಪಷ್ಟವಾಗಿ ಬರುತ್ತದೆ. ಹೊರಗೆ ಬಿಸಿಲಲ್ಲಿ ಇದು ಸಲೀಸು. ಒಳಗೆ ಬೆಳಕು ಸಾಲದೆ ಎಫ್/2.8ಕ್ಕೆ ಇಳಿದರೆ ಉಳಿಯುವುದು 2ರಿಂದ 3.4 ಮೀಟರ್ ಮಾತ್ರ. ಅಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, 3200ರ ಆಸುಪಾಸಿಗೆ ಏರಿಸಿ, ಶಟರ್ 1/250 ಸೆಕೆಂಡಿಗೆ ಇಡಿ. ಸ್ವಲ್ಪ ನಾಯ್ಸ್ (ಚುಕ್ಕೆ ಚುಕ್ಕೆ) ಬಂದರೆ ಬರಲಿ, ಅಲುಗಿದ ಮುಖವನ್ನು ಆಮೇಲೆ ಸರಿಮಾಡಲಾಗದು.

ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಕೆಳಗೆ ಚಿತ್ರದಲ್ಲಿ ಅಡ್ಡ ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರ್ (ಸದ್ದಿಲ್ಲದೆ ತೆಗೆಯುವುದು) ಆಫ್ ಮಾಡಿ, ಮಿನುಗು ತಡೆಯುವ ಆ್ಯಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ. ಹೆಚ್ಚು ಅಲುಗದೆ ಕೂತು ಹೂ ಕಟ್ಟುವವರಿಗೆ ಶಟರ್ 1/100 ಕೂಡ ನಡೆಯುತ್ತದೆ, ಅದು ದೀಪದ ಒಂದು ಮಿನುಗಿನಷ್ಟೇ ಹೊತ್ತು. ಚೆಂಡುಹೂ, ಕನಕಾಂಬರದ ಕೇಸರಿ ಬಣ್ಣ ಬೆಳಕು ಹೆಚ್ಚಾಗಿ ಬಹಳ ಬೇಗ ಹಾರಿಹೋಗಿ ಎಸಳಿನ ಗೆರೆಗಳೇ ಮಾಯವಾಗುತ್ತವೆ. ಎಕ್ಸ್‌ಪೋಶರ್ -0.7ಕ್ಕೆ ಇಳಿಸಿ, ಹಿಸ್ಟೋಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಚಾನೆಲ್ ಒಂದನ್ನೇ ಪ್ರತ್ಯೇಕವಾಗಿ ನೋಡಿ.

ಅಲೆಯುವುದಕ್ಕಿಂತ ನಿಲ್ಲುವುದು ಲೇಸು. ಓಣಿ ಕಿರಿದಾಗುವ ತಿರುವಿನಲ್ಲಿ ಗೋಡೆಗೆ ಒತ್ತಿಕೊಂಡು ಇಪ್ಪತ್ತು ನಿಮಿಷ ನಿಲ್ಲಿ, ಜನ ನಿಮ್ಮನ್ನು ಮರೆಯುತ್ತಾರೆ. ಹೊರೆ ಹೊತ್ತವರ ಹಾದಿಗೆ ಮಾತ್ರ ಅಡ್ಡ ನಿಲ್ಲಬೇಡಿ, ತಲೆಯ ಮೇಲೆ ಮೂಟೆ ಇರುವವರಿಗೆ ಗಕ್ಕನೆ ನಿಲ್ಲಲು ಆಗುವುದಿಲ್ಲ. ಬೋಣಿ ಆಗದ ಅಂಗಡಿಯ ಮುಂದೆ ಕ್ಯಾಮೆರಾ ಎತ್ತಿದರೆ ಬೈಗುಳ ಗ್ಯಾರಂಟಿ, ಅದು ನ್ಯಾಯವೂ ಹೌದು. ಒಂದು ಮೊಳ ಹೂ ಕೊಂಡು, “ಅಕ್ಕಾ, ಒಂದು ಫೋಟೋ ತಗೊಳ್ಳಲಾ?” ಅಂತ ಕೇಳಿ. ಕೇಳಿದ ಕೂಡಲೇ ಅವರು ನೆಟ್ಟಗೆ ಕೂತು ಪೋಸ್ ಕೊಡುತ್ತಾರೆ. ಅದನ್ನು ತೆಗೆದು ತೋರಿಸಿ, ಅವರು ಮತ್ತೆ ಕೆಲಸಕ್ಕೆ ತಿರುಗಿದಾಗ ಎರಡನೆಯದನ್ನು ತೆಗೆಯಿರಿ. ಬೇಡ ಅಂದರೆ ಬೇಡ.

ಅದೇ ಜಾಗವನ್ನು ಮಾಮೂಲಿ ಮಂಗಳವಾರ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಆಯುಧಪೂಜೆಯ ಮಾರನೆಯ ದಿನ ಒಂದೇ ಕೋನದಿಂದ ತೆಗೆಯಿರಿ. ಕೊನೆಯದನ್ನು ಹೆಚ್ಚಿನವರು ತಪ್ಪಿಸಿಕೊಳ್ಳುತ್ತಾರೆ. ಬಿಕರಿಯಾಗದ ಬೂದುಗುಂಬಳ, ಬಾಳೆಕಂದು, ಅದನ್ನೆಲ್ಲ ಬಳಿದು ಲಾರಿಗೆ ತುಂಬುವ ಪೌರಕಾರ್ಮಿಕರು ಸಿಗುವುದು ಆವತ್ತೇ. ಪ್ರತಿ ಫೋಟೋದ ಜೊತೆ ತಾರೀಖು, ಹೊತ್ತು, ಆ ದಿನ ಸೇವಂತಿಗೆ ಮಾರಿಗೆ ಎಷ್ಟು ಎಂಬುದನ್ನು ಬರೆದಿಡಿ. ದರ ಬರೆದಿಡದಿದ್ದರೆ ಹಬ್ಬದ ದಿನದ ಆ ಚೌಕಾಸಿ ಯಾಕಷ್ಟು ಬಿರುಸಾಗಿತ್ತು ಅನ್ನುವುದು ಹತ್ತು ವರ್ಷದ ಮೇಲೆ ನೋಡುವವರಿಗೆ ತಿಳಿಯುವುದಿಲ್ಲ.