ಸುಮ್ನೆ ಕೂತು ಮಾತಾಡುವ ಆರ್‌ಪಿಜಿ ಆಟದಲ್ಲಿ ಅಂಥದ್ದೇನಿದೆ?

ನಿಮ್ಮ ಪ್ರಶ್ನೆ ಇದು: ಸ್ನೇಹಿತರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆರ್‌ಪಿಜಿ (ಪಾತ್ರ ವಹಿಸಿ ಆಡುವ ಆಟ) ಆಡೋಣ ಬಾ ಅಂತ ಕರೆಯುತ್ತಿದ್ದಾರೆ. ಸ್ಕ್ರೀನ್ ಇಲ್ಲ, ಗೆಲ್ಲುವವರು ಸೋಲುವವರು ಇಲ್ಲ, ಸುಮ್ನೆ ಕೂತು ಮಾತಾಡೋದಂತೆ. ಇದರಲ್ಲಿ ಅಂಥದ್ದೇನಿದೆ, ಏನಾದರೂ ಉಪಯೋಗ ಇದೆಯಾ?

ನಾನು ಕಾಸರಗೋಡು ಜಿಲ್ಲೆಯವನು, ಬದಿಯಡ್ಕದ ಹತ್ತಿರ ಮನೆ. ನಾವು ಐದು ಜನ ನಾಲ್ಕು ವರ್ಷದಿಂದ ಇದನ್ನು ಆಡುತ್ತಿದ್ದೇವೆ, ತಿಂಗಳಿಗೆ ಎರಡು ಶನಿವಾರ.

"ಸುಮ್ನೆ ಕೂತು ಮಾತಾಡೋದು" ಅನ್ನುವುದನ್ನು ಓದಿ ನಗು ಬಂತು. ನಮ್ಮ ಕಡೆ ಅದನ್ನು ಕೇಳಲಿಕ್ಕೆ ಜನ ನಿದ್ದೆ ಬಿಟ್ಟು ಬರುತ್ತಾರೆ. ಯಕ್ಷಗಾನದ ತಾಳಮದ್ದಳೆ ಅಂದರೆ ಅದೇ ಅಲ್ವಾ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಅಲ್ಲಲ್ಲೇ ಹುಟ್ಟಿದ ಮಾತಿನಲ್ಲಿ ವಾಲಿಯೋ ಕರ್ಣನೋ ಆಗುತ್ತಾರೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಬಗ್ಗೆ ಹೇಳಲು ಕೂತರೆ ನನ್ನ ಅಪ್ಪ ಊಟಕ್ಕೆ ಏಳುವುದಿಲ್ಲ. ಪಂಚೆ ಶರ್ಟು ಹಾಕಿದ ಒಬ್ಬ ಮನುಷ್ಯ ಮಾತಿನಲ್ಲೇ ಕಿಷ್ಕಿಂಧೆ ಕಟ್ಟಬಹುದು ಅಂತ ಗೊತ್ತಿರುವ ಊರಿನವರಿಗೆ ಈ ಆಟ ಅರ್ಥ ಆಗಲು ಹತ್ತು ನಿಮಿಷ ಸಾಕು.

ಆಟದ ರೀತಿ ಹೀಗೆ. ಒಬ್ಬ ಕಥೆ ನಡೆಸುತ್ತಾನೆ. ಪುಸ್ತಕದಲ್ಲಿ ಅವನಿಗೆ ಡಂಜನ್ ಮಾಸ್ಟರ್ ಅಂತ ಹೆಸರು, ನಮ್ಮ ಮೇಜಿನಲ್ಲಿ ಭಾಗವತ. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಎದುರಿಗೆ ಏನಿದೆ ಅಂತ ಭಾಗವತ ಹೇಳುತ್ತಾನೆ, ಆಮೇಲೆ "ಈಗ ಏನು ಮಾಡುತ್ತೀರಿ?" ಅಂತ ಕೇಳುತ್ತಾನೆ. ಸೋಲಬಹುದಾದ ಕೆಲಸಕ್ಕೆ ಕೈ ಹಾಕಿದರೆ ಇಪ್ಪತ್ತು ಮುಖದ ದಾಳ ಹಾಕಬೇಕು. ಬಿದ್ದ ಸಂಖ್ಯೆಗೆ ನಿಮ್ಮ ಪಾತ್ರದ ಕಸುಬಿನ ಅಂಕ ಕೂಡಿಸಬೇಕು. ಮಧ್ಯಮ ಕಷ್ಟದ ಕೆಲಸಕ್ಕೆ 15 ಮುಟ್ಟಬೇಕು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೈನ್ಯದ ಬೊಂಬೆಗಳ ಯುದ್ಧದಾಟದಿಂದ ಇದನ್ನು ಬೆಳೆಸಿ ಪ್ರಕಟಿಸಿದರು. ಒಂದು ಇಡೀ ಸೈನ್ಯದ ಬದಲು ಒಬ್ಬೊಬ್ಬ ಆಟಗಾರನಿಗೆ ಒಬ್ಬನೇ ಮನುಷ್ಯ. ಎಲ್ಲ ಶುರುವಾದದ್ದು ಅಲ್ಲಿಂದ.

ತಾಳಮದ್ದಳೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಒಂದೇ. ಕೃಷ್ಣ ಎಷ್ಟು ಚಂದ ಮಾತಾಡಿದರೂ ಸಂಧಾನ ಮುರಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಕೊನೆ ಗೊತ್ತಿದ್ದೂ ಹೇಗೆ ಮಾತಾಡುತ್ತಾರೆ ಅನ್ನುವುದೇ ಅಲ್ಲಿಯ ರುಚಿ. ಇಲ್ಲಿ ಭಾಗವತನಿಗೂ ಕೊನೆ ಗೊತ್ತಿಲ್ಲ.

ಇದು ನನಗೆ ತಿಳಿಯಲು ಒಂದು ಸಲ ಮುಖಭಂಗ ಆಗಬೇಕಾಯಿತು. ಮೊದಲ ಸಲ ಭಾಗವತನಾದಾಗ ಹದಿನಾಲ್ಕು ಪುಟ ಕಥೆ ಬರೆದುಕೊಂಡು ಹೋಗಿದ್ದೆ. ಕೋಟೆ, ದ್ರೋಹಿ ಮಂತ್ರಿ, ಕೊನೆಗೆ ಒಂದು ಭಾಷಣ, ಎಲ್ಲ ಉಂಟು. ನನ್ನ ಸ್ನೇಹಿತರು ಕೋಟೆಯ ಬಾಗಿಲಿನವರೆಗೆ ಬಂದು, ಅಲ್ಲಿ ಒಬ್ಬ ಮೀನು ಮಾರುವವನ ಹತ್ತಿರ ಮಾತಿಗೆ ನಿಂತು, ಅವನ ದೋಣಿ ಹತ್ತಿ ಹೋದರು. ಮೂರು ಗಂಟೆ ಅವರನ್ನು ಕೋಟೆಗೆ ಎಳೆಯಲು ನೋಡಿದೆ. ಒಬ್ಬ ಕೊನೆಗೆ, "ನೀನೇ ಎಲ್ಲ ಬರೆದಿದ್ದರೆ ನಮಗೆ ಕೊಡು ಮಾರಾಯ, ಮನೆಯಲ್ಲಿ ಓದಿಕೊಳ್ಳುತ್ತೇವೆ" ಅಂದ. ಸಿಟ್ಟು ಬಂತು. ಆದರೆ ಅವನ ಮಾತು ಸರಿ ಇತ್ತು. ಈಗ ನಾನು ಕಥೆ ಬರೆಯುವುದಿಲ್ಲ. ಒಂದು ಜಾಗ, ಅಲ್ಲಿ ಮೂರು ಜನ, ಆ ಮೂವರಿಗೆ ಏನು ಬೇಕು, ಇಷ್ಟು ಬರೆದುಕೊಳ್ಳುತ್ತೇನೆ. ಒಂದು ಪುಟ ತುಂಬುವುದಿಲ್ಲ.

ಒಂದು ರಾತ್ರಿಯ ಆಟವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಜಾ ಎಲ್ಲಿದೆ ಅಂತ ಗೊತ್ತಾಗಬಹುದು.

ಇಂಗ್ಲಿಷ್ ಪುಸ್ತಕಗಳಲ್ಲಿ ಡಂಜನ್ ಅಂದರೆ ನೆಲದಡಿಯ ಕಲ್ಲಿನ ಜೈಲು. ನಮಗೆ ಅದು ಕಣ್ಣಿಗೆ ಕಟ್ಟಲಿಲ್ಲ. ನಮ್ಮಲ್ಲಿ ಸುರಂಗಗಳಿವೆ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ತೋಟಕ್ಕೆ ತರುವ ಸುರಂಗ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲ ಎತ್ತರ, ಒಳಗೆ ಕವಲುಗಳು, ಬಾವಲಿ. ಇದಕ್ಕಿಂತ ಒಳ್ಳೆಯ ಡಂಜನ್ ಬೇಕಾ? ಹಾಗಾಗಿ ನಮ್ಮ ಕಥೆ ಕಾಸರಗೋಡಿನಂಥದೇ ಒಂದು ಕಟ್ಟುಕತೆಯ ಸೀಮೆಯಲ್ಲಿ ನಡೆಯುತ್ತದೆ. ಸಮುದ್ರದ ಬದಿಯಲ್ಲಿ ಬೇಕಲದಂಥ ಕೋಟೆ, ಒಳಗೆ ಗುಡ್ಡ, ಗುಡ್ಡದೊಳಗೆ ಯಾರು ಕೊರೆದರೆಂದು ಗೊತ್ತಿಲ್ಲದ ಸುರಂಗ. ಅದರ ನೀರು ಒಂದು ದಿನ ಇದ್ದಕ್ಕಿದ್ದಂತೆ ನಿಂತಿದೆ. ಯಾಕೆ ಅಂತ ನೋಡಲು ನಾಲ್ಕು ಜನ ಒಳಗೆ ಹೋಗಿದ್ದಾರೆ.

ಜುಲೈ ತಿಂಗಳು. ಹೊರಗೆ ಧಾರಾಕಾರ ಮಳೆ, ಕರೆಂಟಿಲ್ಲ, ಜಗಲಿಯಲ್ಲಿ ಒಂದು ಎಮರ್ಜೆನ್ಸಿ ಲೈಟು, ಹಲಸಿನ ಹಪ್ಪಳ. ಕಥೆಯಲ್ಲಿ ದೀಪ ಹಿಡಿದವನು ನೀರು ತೊಟ್ಟಿಕ್ಕುವ ಜಾಗ ದಾಟಬೇಕು. ಅವನಿಗೆ 3 ಅಂಕ ಉಂಟು, ಅಂದರೆ ದಾಳದಲ್ಲಿ 12 ಅಥವಾ ಮೇಲೆ ಬೀಳಬೇಕು. ನೂರಕ್ಕೆ 45ರ ಅವಕಾಶ. ಬಿದ್ದದ್ದು 3. ದೀಪ ಆರಿತು. ಎದುರಿಗೆ ಎರಡು ಕವಲು, ಕಗ್ಗತ್ತಲೆ.

ಎಲ್ಲರೂ ಸುಮ್ಮನಾದರು. ಆಗ ಪಾಡ್ದನ (ತುಳುವಿನ ಜನಪದ ಕಥೆ-ಹಾಡು) ಹಾಡುವ ಹೆಂಗಸಿನ ಪಾತ್ರ ವಹಿಸಿದವ, ನಿಜ ಜೀವನದಲ್ಲಿ ಮೆಡಿಕಲ್ ಶಾಪಿನಲ್ಲಿ ಕೂರುವವ, "ನಾನು ಹಾಡುತ್ತೇನೆ" ಅಂದ. ಯಾಕೆ ಅಂತ ಕೇಳಿದೆ. "ಯಾವ ಕವಲಿನಿಂದ ದನಿ ತಡವಾಗಿ ವಾಪಸು ಬರುತ್ತದೋ ಅದು ಉದ್ದದ್ದು." ನಾನು ಇದನ್ನು ಯೋಚಿಸಿರಲೇ ಇಲ್ಲ. ಇಂಥ ಉಪಾಯಕ್ಕೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಲು ಬಿಡಬಹುದು ಅಂತ ನಿಯಮ ಉಂಟು. ಹಾಗೆ ಮಾಡಿದರೆ ಅದೇ 45 ಹೆಚ್ಚುಕಡಿಮೆ 70 ಆಗುತ್ತದೆ. ಅವ ದಾಳ ಕೈಯಲ್ಲಿ ಹಿಡಿದಿದ್ದಾನೆ, ಇನ್ನೂ ಹಾಕಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ: "ದೀಪ ಆರಿದ್ದು ನೀರು ಬಿದ್ದಾ, ಗಾಳಿ ಇಲ್ಲದೆಯಾ? ಗಾಳಿ ಇಲ್ಲದೆ ಆದರೆ ಪದ ಹೇಳ್ಲಿಕ್ಕೆ ಉಸಿರೆಲ್ಲಿಂದ?"

ಅಪ್ಪನಿಗೆ ಈ ಆಟ ಆಗುವುದಿಲ್ಲ. "ದಾಳ ಹಿಡಿದವರು ಉದ್ಧಾರ ಆದದ್ದುಂಟಾ? ಧರ್ಮರಾಯನ ಕಥೆ ಗೊತ್ತಿಲ್ವಾ?" ಅಂತ ಮೊದಲ ದಿನವೇ ಹೇಳಿದ್ದರು. ಆದರೆ ಸುರಂಗದ ವಿಷಯದಲ್ಲಿ ತಪ್ಪು ಹೇಳಿದರೆ ಅವರಿಗೆ ತಡೆಯುವುದಿಲ್ಲ. ಸುರಂಗ ಕೊರೆಯುವವರು ದೀಪ ಇಟ್ಟುಕೊಳ್ಳುವುದು ಬೆಳಕಿಗೆ ಮಾತ್ರ ಅಲ್ಲ, ಒಳಗೆ ಉಸಿರಾಡಲು ಆಗುತ್ತದಾ ಅಂತ ತಿಳಿಯಲು ಕೂಡ. ನೀರಿನಿಂದಲೇ ಆರಿದ್ದು ಅಂತ ಹೇಳಿ ಬಚಾವಾದೆ. ದಾಳದಲ್ಲಿ 17 ಬಿತ್ತು, ಜಗಲಿಯಲ್ಲಿ ಬೊಬ್ಬೆ. ಮರುದಿನ ಬೆಳಿಗ್ಗೆ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಆ ಹೆಂಗಸು ಹೊರಗೆ ಬಂದಳಾ?" ಅಂತ ಕೇಳಿದರು.

ಮೊಬೈಲ್ ಗೇಮಿನಲ್ಲಿ ಹಾಡುವ ಬಟನ್ ಇಲ್ಲದಿದ್ದರೆ ಹಾಡಲು ಆಗುವುದಿಲ್ಲ. ಇಲ್ಲಿ ಆಗುತ್ತದೆ, ಯಾಕೆಂದರೆ ಎದುರಿಗೆ ಕೂತವನು ಮನುಷ್ಯ. ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ನನ್ನ ಉತ್ತರ ಇಷ್ಟೇ.

ಇನ್ನು ಉಪಯೋಗ. ಬುದ್ಧಿ ಬೆಳೆಯುತ್ತದೆ, ವ್ಯಕ್ತಿತ್ವ ಅರಳುತ್ತದೆ ಅಂತೆಲ್ಲ ಬರೆಯುವವರಿದ್ದಾರೆ. ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಒಂದು, ನಾವು ಸಿಗುತ್ತೇವೆ. ಮೂವತ್ತು ದಾಟಿದ ಮೇಲೆ ಸ್ನೇಹಿತರ ವಾಟ್ಸಾಪ್ ಗುಂಪಿನಲ್ಲಿ "ಒಮ್ಮೆ ಸಿಗುವ" ಅಂತ ಎಷ್ಟು ಸಲ ಬರುತ್ತದೆ, ಎಷ್ಟು ಸಲ ಸಿಗುತ್ತೇವೆ ಅಂತ ನಿಮಗೂ ಗೊತ್ತಿರಬಹುದು. ಮದುವೆ, ಬೊಜ್ಜ (ಸತ್ತವರ ಉತ್ತರಕ್ರಿಯೆ) ಬಿಟ್ಟರೆ ಇಲ್ಲ. ಕಥೆ ಅರ್ಧದಲ್ಲಿ ನಿಂತಿದ್ದರೆ ಮಾತ್ರ ಜನ ಬರುತ್ತಾರೆ. ಮಂಗಳೂರಿನಲ್ಲಿ ಕೆಲಸ ಮಾಡುವವ ಶನಿವಾರ ರೈಲಿನಲ್ಲಿ ನಿಂತುಕೊಂಡೇ ಬರುತ್ತಾನೆ, ಸುರಂಗದಲ್ಲಿ ಅವನ ಪಾತ್ರದ ಕಾಲು ಕಲ್ಲಿನಡಿ ಸಿಕ್ಕಿದೆ ಅಂತ.

ಇನ್ನೊಂದು ನಮ್ಮ ಊರಿಗೆ ವಿಶೇಷವಾದದ್ದು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಅಂತ ಹೊಗಳುತ್ತಾರೆ. ಹೌದು, ಆದರೆ ಕನ್ನಡ ಮೀಡಿಯಂನಲ್ಲಿ ಕಲಿತವನು ಕಚೇರಿಯ ಕೌಂಟರಿನಲ್ಲಿ ಮಲಯಾಳಂ ಮಾತಾಡಲು ಹೋದಾಗ ನಾಲಗೆ ಹೊರಳುವುದಿಲ್ಲ, ಅದೂ ಸತ್ಯ. ನಮ್ಮಲ್ಲೊಬ್ಬ ಹಾಗಿದ್ದ. ತಪ್ಪಾದರೆ ನಗುತ್ತಾರೆ ಅಂತ ಬಾಯಿ ಬಿಡುತ್ತಿರಲಿಲ್ಲ. ಆಟದಲ್ಲಿ ಕೋಟೆಯ ಕಾವಲುಗಾರನಿಗೆ ಮಲಯಾಳಂ ಬಿಟ್ಟು ಬೇರೆ ಬರುವುದಿಲ್ಲ. ಆ ಪಾತ್ರ ನನ್ನ ಮಲಯಾಳಿ ಸ್ನೇಹಿತನದ್ದು, ಒಂದಿಂಚು ಬಿಡುವುದಿಲ್ಲ. ಅವನೊಟ್ಟಿಗೆ ಇವ ಮುಕ್ಕಾಲು ಗಂಟೆ ಜಗಳ ಆಡಿದ. ತಪ್ಪಿದ್ದಕ್ಕೆ ಎಲ್ಲರೂ ನಕ್ಕರು, ಅವನೂ ನಕ್ಕ. ಯಾಕೆಂದರೆ ತಪ್ಪು ಮಾತಾಡಿದ್ದು ಪಾತ್ರ, ಅವನಲ್ಲ. ಈಗ ಕೌಂಟರಿನಲ್ಲಿ ಗ್ರಾಮರ್ ಅಷ್ಟಕ್ಕಷ್ಟೇ, ಆದರೆ ಹೇಳಬೇಕಾದ್ದನ್ನು ಹೇಳಿ ಬರುತ್ತಾನೆ. ಮಲಯಾಳಿ ಸ್ನೇಹಿತ ಕೂಡ ಈಗ ಕನ್ನಡದಲ್ಲಿ ಬೈಯಲು ಕಲಿತಿದ್ದಾನೆ. ಅದಕ್ಕಿಂತ ಜಾಸ್ತಿ ಕಲಿತ ಹಾಗೆ ಕಾಣುವುದಿಲ್ಲ.

ಕಿರಿಕಿರಿಯೂ ಉಂಟು, ಮುಚ್ಚಿಡುವುದಿಲ್ಲ. ಒಬ್ಬ ತನ್ನ ಜೊತೆಗಾರರ ಚೀಲದಿಂದಲೇ ಕದಿಯಲು ಶುರುಮಾಡಿದ. ಕೇಳಿದರೆ "ನನ್ನ ಪಾತ್ರ ಹಾಗೆ" ಅನ್ನುತ್ತಿದ್ದ. ಪಾತ್ರವನ್ನು ಕಟ್ಟಿದವನು ಅವನೇ ಅಲ್ವಾ! ಕಥೆಯೊಳಗೆ ಶಿಕ್ಷೆ ಕೊಟ್ಟರೆ ಜಗಳ ದೊಡ್ಡದಾಗುತ್ತಿತ್ತು ಅಷ್ಟೇ. ದಾಳ ಬದಿಗಿಟ್ಟು ನೇರವಾಗಿ ಹೇಳಿದ ಮೇಲೆ ಸರಿಹೋಯಿತು.

ಆಡುವ ಮೊದಲು ಒಂದು ದಿನ ಕೂತು ಕಥೆಯಲ್ಲಿ ಏನು ಬೇಡ ಅಂತ ಕೇಳಿಕೊಳ್ಳಿ. ಇದನ್ನು ತಮಾಷೆ ಮಾಡಬೇಡಿ. ನಮ್ಮ ಒಬ್ಬ ಸ್ನೇಹಿತ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಗೇರು ತೋಟದ ಪಕ್ಕದ ಊರಿನವ. ಗಾಳಿಯಲ್ಲಿ ಬರುವ ವಿಷ, ಕಾಯಿಲೆಯ ಮಕ್ಕಳು, ಇವೆರಡು ಬೇಡ ಅಂದ. ಯಾರೂ ಕಾರಣ ಕೇಳಲಿಲ್ಲ. ಸುರಂಗದ ನೀರು ನಿಲ್ಲಲು ನಾನು ಬೇರೆ ಕಾರಣ ಹುಡುಕಿದೆ.

ಖರ್ಚಿನ ಚಿಂತೆ ಬೇಡ. ಮೂಲ ನಿಯಮಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ನಾವು ಅದರಲ್ಲಿ ಅರ್ಧ ಬಿಟ್ಟೇ ಆಡುತ್ತೇವೆ. ದಾಳದ ಸೆಟ್ಟಿನಲ್ಲಿ ಏಳು ಬರುತ್ತವೆ, ಆದರೆ ಶುರುವಿಗೆ ಇಪ್ಪತ್ತು ಮುಖದ್ದು ಒಂದು ಸಾಕು. ಅದು ಬರುವ ತನಕ ನಾವು 1ರಿಂದ 20ರವರೆಗೆ ಚೀಟಿ ಬರೆದು ತೆಂಗಿನ ಗೆರಟೆಯಲ್ಲಿ ಹಾಕಿ ಕುಲುಕಿ ತೆಗೆಯುತ್ತಿದ್ದೆವು. ತೆಗೆದ ಚೀಟಿಯನ್ನು ವಾಪಸು ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಭಾಗವತ ಸೇರಿ ನಾಲ್ಕೈದು ಜನ ಸರಿ. ಏಳೆಂಟು ಜನ ಆದರೆ ಒಬ್ಬ ಮಾತಾಡುವಾಗ ಉಳಿದವರು ಮೊಬೈಲ್ ತೆಗೆಯುತ್ತಾರೆ. ಮೊದಲ ದಿನ ಮೂರು ಗಂಟೆ ಹೊತ್ತು ಆಡಿ ನಿಲ್ಲಿಸಿ, ಅದೂ ಏನೋ ಆಗಲಿದೆ ಅನ್ನುವಾಗಲೇ.

ನಿಮ್ಮ ಸ್ನೇಹಿತರು ಕರೆದಿದ್ದಾರಲ್ಲ, ಮೊದಲ ಸಲಕ್ಕೆ ಪುಸ್ತಕ ಓದಿಕೊಂಡು ಹೋಗಬೇಡಿ. ತಿನ್ನಲು ಏನಾದರೂ ತೆಗೆದುಕೊಂಡು ಹೋಗಿ. ಎಣ್ಣೆ ಹತ್ತುವಂಥದ್ದು ಬೇಡ, ದಾಳ ಜಾರುತ್ತದೆ, ಹಾಳೆಯೆಲ್ಲ ಕಲೆ. ಹಪ್ಪಳ ತಿಂದು ನಾಲ್ಕು ವರ್ಷ ಆಡಿದವನ ಅನುಭವ ಇದು.