ಸೆಲ್ಫ್ ಕೆಟ್ಟ ಕಾರನ್ನು ಇಳಿಜಾರಿನಲ್ಲಿ ಉರುಳಿಸಿ ಚಾಲೂ ಮಾಡಬಹುದೇ?

ಪ್ರಶ್ನೆ: ನಮ್ಮದು ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು, ಕೈಯಿಂದ ಗೇರು ಹಾಕುವಂಥದ್ದು. ಒಂದು ವಾರದಿಂದ ಕೀಲಿ ತಿರುಗಿಸಿದಾಗ ‘ಟಕ್’ ಎಂದು ಒಂದೇ ಸದ್ದು ಬಂದು ಸುಮ್ಮನಾಗುತ್ತದೆ; ನಾಲ್ಕೈದು ಸಲ ಪ್ರಯತ್ನಿಸಿದರೆ ಒಮ್ಮೆ ಚಾಲೂ ಆಗುತ್ತದೆ. ಮನೆ ಇಳಿಜಾರಿನಲ್ಲಿರುವುದರಿಂದ ಈಗ ಉರುಳಿಸಿಯೇ ಚಾಲೂ ಮಾಡುತ್ತಿದ್ದೇನೆ. ಇದರಿಂದ ತೊಂದರೆಯಿದೆಯೇ? ಬ್ಯಾಟರಿ ಬದಲಿಸಬೇಕೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬ್ಯಾಟರಿಗೆ ಹಣ ಹಾಕುವ ಮೊದಲು ಹೆಡ್‌ಲೈಟ್ ಹಚ್ಚಿಟ್ಟು ಕೀಲಿ ತಿರುಗಿಸಿ ನೋಡಿ. ಬೆಳಕು ತೀರಾ ಮಂಕಾಗಿ ‘ಟಕಟಕ’ ಎಂದು ಸದ್ದು ಮರುಕಳಿಸಿದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಅದರ ಟರ್ಮಿನಲ್‌ಗಳು ತುಕ್ಕು ಹಿಡಿದಿವೆ ಎಂದರ್ಥ. ಬೆಳಕು ಕುಗ್ಗದೆ ಒಂದೇ ‘ಟಕ್’ ಕೇಳಿಸಿದರೆ ದೋಷವಿರುವುದು ಬಹುಮಟ್ಟಿಗೆ ಸೆಲ್ಫ್‌ನಲ್ಲಿ, ಅಂದರೆ ಎಂಜಿನನ್ನು ತಿರುಗಿಸಿ ಚಾಲೂ ಮಾಡುವ ಸ್ಟಾರ್ಟರ್ ಮೋಟರಿನಲ್ಲಿ. ಕಾರು ರಾತ್ರಿಯಿಡೀ ನಿಂತ ಬಳಿಕ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದರ ಚಾರ್ಜ್ ಪೂರ್ಣವಾಗಿದೆ.

ಹಲವು ಸಲ ಪ್ರಯತ್ನಿಸಿದಾಗ ಒಮ್ಮೆ ಕೆಲಸ ಮಾಡುವ ಸೆಲ್ಫ್‌ನಲ್ಲಿ ಸಾಮಾನ್ಯವಾಗಿ ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ಸವೆದಿರುತ್ತವೆ ಅಥವಾ ಮೋಟರಿಗೆ ವಿದ್ಯುತ್ತು ಹರಿಸುವ ಸ್ವಿಚ್ಚಾದ ಸೊಲೆನಾಯ್ಡಿನ ಒಳಗಿನ ತಾಮ್ರದ ಸಂಪರ್ಕಗಳು ಸುಟ್ಟಿರುತ್ತವೆ. ಮೆಕ್ಯಾನಿಕ್‌ಗಳು ಸ್ಪ್ಯಾನರಿನ ಹಿಡಿಯಿಂದ ಸೆಲ್ಫ್‌ನ ಮೇಲೆ ಮೆಲ್ಲಗೆ ತಟ್ಟುವುದು, ಸಿಕ್ಕಿಕೊಂಡ ಬ್ರಷ್ ಸರಿದು ಮತ್ತೆ ಸಂಪರ್ಕ ಸಾಧಿಸಲಿ ಎಂದು. ಅದು ಗ್ಯಾರೇಜಿನವರೆಗೆ ತಲುಪಿಸುವ ಉಪಾಯವಷ್ಟೇ.

ಉರುಳುವ ಚಕ್ರಗಳೇ ಎಂಜಿನನ್ನು ತಿರುಗಿಸುವುದರಿಂದ ಆಗ ಸೆಲ್ಫ್ ಬೇಕಾಗುವುದಿಲ್ಲ. ಆದರೆ ಪೆಟ್ರೋಲ್ ಪಂಪು ಮತ್ತು ಕಿಡಿಗೆ ವಿದ್ಯುತ್ತು ಬೇಕೇ ಬೇಕು, ಆದ್ದರಿಂದ ಪೂರ್ತಿ ಸತ್ತ ಬ್ಯಾಟರಿಯ ಕಾರಿಗೆ ಈ ವಿಧಾನ ಕೈಕೊಡುತ್ತದೆ. ಕೀಲಿಯನ್ನು ‘ಆನ್’ ಸ್ಥಾನದಲ್ಲಿಟ್ಟು, ಕ್ಲಚ್ ಒತ್ತಿ, ಎರಡನೇ ಗೇರು ಹಾಕಿ, ವೇಗ ಗಂಟೆಗೆ ಎಂಟು–ಹತ್ತು ಕಿಲೋಮೀಟರ್ ಆದಾಗ ಕ್ಲಚ್ಚನ್ನು ಥಟ್ಟನೆ ಬಿಟ್ಟು, ಎಂಜಿನ್ ಹತ್ತಿದೊಡನೆ ಮತ್ತೆ ಒತ್ತಬೇಕು. ಮೊದಲ ಗೇರಿನಲ್ಲಿ ಕಾರು ಜೋರಾಗಿ ಮುಗ್ಗರಿಸುತ್ತದೆ. ಆಟೊಮ್ಯಾಟಿಕ್ ಕಾರುಗಳಲ್ಲಿ ಇದನ್ನು ಮಾಡಲೇಬಾರದು.

ನಿಮ್ಮ ವಿಷಯದಲ್ಲಿ ನನಗೆ ನಿಜವಾದ ಕಳವಳ ಇರುವುದು ಇಳಿಜಾರಿನ ಬಗ್ಗೆ. ಎಂಜಿನ್ ಓಡದಿರುವಾಗ ಬ್ರೇಕಿಗೆ ನೆರವಾಗುವ ನಿರ್ವಾತ ಎರಡು–ಮೂರು ಸಲ ಒತ್ತುವಷ್ಟರಲ್ಲಿ ಮುಗಿದು ಪೆಡಲು ಕಲ್ಲಿನಂತಾಗುತ್ತದೆ, ಸ್ಟೀರಿಂಗೂ ಭಾರವಾಗುತ್ತದೆ. ಕೀಲಿ ತೆಗೆದರಂತೂ ಸ್ಟೀರಿಂಗ್ ಲಾಕ್ ಆಗಿಬಿಡಬಹುದು. ತಿರುವು ಅಥವಾ ಮಕ್ಕಳಾಡುವ ಜಾಗ ಮುಂದಿದ್ದರೆ ದಯವಿಟ್ಟು ಈ ಸಾಹಸ ಬೇಡ. ಪದೇಪದೇ ವಿಫಲವಾದ ಪ್ರಯತ್ನಗಳಿಂದ ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿದ್ದು ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅದನ್ನು ಹಾಳುಮಾಡಬಹುದು.

ಈ ವಾರವೇ ಆಟೊ ಎಲೆಕ್ಟ್ರಿಷಿಯನ್ ಬಳಿ ಸೆಲ್ಫ್ ಬಿಚ್ಚಿಸಿ. ಹೊಸ ಮೋಟರ್ ಹಾಕಿಸಲು ಒಪ್ಪುವ ಮೊದಲು ಬ್ರಷ್, ಸೊಲೆನಾಯ್ಡ್ ಮತ್ತು ಎಂಜಿನ್ನಿನ ಅರ್ಥಿಂಗ್ ತಂತಿಯನ್ನು ಪರೀಕ್ಷಿಸಲು ಹೇಳಿ.